ವಿದೇಶ ಪ್ರವಾಸ ಮತ್ತು ಟ್ರಾವೆಲ್ ಇನ್ಶೂರೆನ್ಸ್: ಉಡುಪಿ, ಮಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ನಮ್ಮದೊಂದು ಸಣ್ಣ ಟ್ರಾವೆಲ್ ಆಫೀಸು. ಟಿಕೆಟ್, ವೀಸಾ ಕಾಗದ, ಇನ್ಶೂರೆನ್ಸ್ ಎಲ್ಲ ಒಂದೇ ಮೇಜಿನ ಮೇಲೆ ಆಗುತ್ತದೆ. ಮೊದಲೆಲ್ಲ ಬರುತ್ತಿದ್ದವರು ಗಲ್ಫ್‌ಗೆ ಕೆಲಸಕ್ಕೆ ಹೊರಟ ಹುಡುಗರು. ಈಗ ರಿಟೈರ್ ಆದ ಮೇಷ್ಟ್ರು ಬರುತ್ತಾರೆ, ಬ್ಯಾಂಕ್ ನೌಕರಿ ಮುಗಿಸಿದವರು ಬರುತ್ತಾರೆ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅಮ್ಮಂದಿರು ಬರುತ್ತಾರೆ. ಕುರ್ಚಿ ಎಳೆದು ಕೂತ ಕೂಡಲೇ ಕೇಳುವುದು ಒಂದೇ: "ಕಡಿಮೆಯದ್ದು ಯಾವುದುಂಟು?"

ರೇಟು ಆಮೇಲೆ ನೋಡೋಣ. ಫಾರ್ಮಿನಲ್ಲಿ ಏನು ಬರೆದಿರಿ, ವಾಪಸ್ ಬರುವಾಗ ಯಾವ ಕಾಗದ ತಂದಿರಿ, ಕ್ಲೇಮ್, ಅಂದರೆ ಕಂಪನಿಯಿಂದ ಕೇಳುವ ಪರಿಹಾರದ ಹಣ, ಸಿಗುವುದೂ ಬಿಡುವುದೂ ಜಾಸ್ತಿ ಇದರ ಮೇಲೆಯೇ ನಿಂತಿದೆ. ಜನ ಕೇಳಿದ ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಇಲ್ಲಿ ಇಟ್ಟಿದ್ದೇನೆ.

ನಮ್ಮಲ್ಲಿ ಹೆಲ್ತ್ ಇನ್ಶೂರೆನ್ಸ್ ಇದೆ. ಮತ್ತೆ ಇದು ಯಾಕೆ?

ನಿಮ್ಮ ಪಾಲಿಸಿ ತೆಗೆದು ನೋಡಿ. ಹೆಚ್ಚಿನ ಹೆಲ್ತ್ ಪಾಲಿಸಿಗಳು ಭಾರತದೊಳಗೆ ಆದ ಚಿಕಿತ್ಸೆಗೆ ಮಾತ್ರ ಹಣ ಕೊಡುತ್ತವೆ. ಆಯುಷ್ಮಾನ್ ಕಾರ್ಡ್ ಕೂಡ ಹಾಗೆಯೇ. ಟ್ರಾವೆಲ್ ಪಾಲಿಸಿಯಲ್ಲಿ ಹೊರದೇಶದ ಆಸ್ಪತ್ರೆ ಖರ್ಚಿನ ಜೊತೆಗೆ ರೋಗಿಯನ್ನು ಊರಿಗೆ ಕರೆತರುವ ಖರ್ಚು, ಕಳೆದ ಪಾಸ್‌ಪೋರ್ಟ್, ಬಾರದ ಬ್ಯಾಗ್, ತಪ್ಪಿದ ವಿಮಾನ ಇವೆಲ್ಲ ಸೇರಿರುತ್ತವೆ. ಸಾವು ಸಂಭವಿಸಿದರೆ ದೇಹವನ್ನು ಊರಿಗೆ ತರುವ ಖರ್ಚೂ ಇದರಲ್ಲೇ ಬರುತ್ತದೆ. ಈ ಮಾತು ಹೇಳಲು ನನಗೂ ಕಷ್ಟ, ಕೇಳುವವರಿಗೂ ಕಷ್ಟ. ಆದರೂ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಇನ್ಶೂರೆನ್ಸ್ ಕಡ್ಡಾಯವಾ?

ಯುರೋಪಿನ ಷೆಂಗೆನ್ ವೀಸಾಕ್ಕೆ, ಅಂದರೆ ಅಲ್ಲಿಯ ಅನೇಕ ದೇಶಗಳಿಗೆ ಒಟ್ಟಿಗೆ ನಡೆಯುವ ಒಂದೇ ವೀಸಾಕ್ಕೆ, ಕಡ್ಡಾಯ. ಕನಿಷ್ಠ 30,000 ಯೂರೋ ಕವರ್ ಇರಬೇಕು, 29 ಷೆಂಗೆನ್ ದೇಶಗಳಲ್ಲೂ ನಡೆಯಬೇಕು, ನೀವು ಅಲ್ಲಿರುವ ಅಷ್ಟೂ ದಿನಕ್ಕೆ ಇರಬೇಕು. ವಾಪಸ್ ವಿಮಾನ ಒಂದು ದಿನ ತಡವಾದರೂ ಕವರ್ ಮುಗಿದುಹೋಗಬಾರದು ನೋಡಿ, ಅದಕ್ಕೆ ನಾವು ಒಂದೆರಡು ದಿನ ಸೇರಿಸಿಯೇ ಮಾಡಿಸುತ್ತೇವೆ. ವೀಸಾ ಸಿಗದಿದ್ದರೆ ನಿರಾಕರಣೆ ಪತ್ರ ತೋರಿಸಿ ಪ್ರೀಮಿಯಂ ವಾಪಸ್ ಪಡೆಯಬಹುದು. ಹೆಚ್ಚಿನ ಕಂಪನಿಗಳು ಕೊಡುತ್ತವೆ. ಆದರೆ ಪಾಲಿಸಿ ಶುರುವಾಗುವ ದಿನಕ್ಕೆ ಮೊದಲೇ ಕೇಳಬೇಕು.

ಅಮೆರಿಕದ ಟೂರಿಸ್ಟ್ ವೀಸಾಕ್ಕೆ ಇನ್ಶೂರೆನ್ಸ್ ಕೇಳುವುದಿಲ್ಲ. ಆದರೆ ಅತ್ಯಂತ ಜಾಸ್ತಿ ಬೇಕಾಗುವುದು ಅಲ್ಲಿಗೇ.

ಎಷ್ಟು ಮೊತ್ತದ್ದು ತೆಗೆದುಕೊಳ್ಳಬೇಕು?

ಥಾಯ್ಲೆಂಡ್, ಮಲೇಷ್ಯಾ, ದುಬೈ ಕಡೆಗೆ 50,000 ಡಾಲರ್ ಇದ್ದರೆ ನಾನು ನೆಮ್ಮದಿಯಿಂದ ಕಳಿಸುತ್ತೇನೆ. ಯುರೋಪಿಗೆ ವೀಸಾದವರು ಕೇಳುವ 30,000 ಯೂರೋಗೆ ನಿಲ್ಲಬೇಡಿ, ಒಂದು ಲಕ್ಷ ಡಾಲರ್ ಮಾಡಿಸಿ. ಪ್ರೀಮಿಯಂನಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಅಮೆರಿಕಕ್ಕೆ ಎರಡೂವರೆ ಲಕ್ಷ ಡಾಲರಿಗಿಂತ ಕಡಿಮೆ ಬೇಡ. ಅಲ್ಲಿ ಐಸಿಯು ಎಂದರೆ ದಿನಕ್ಕೇ ಸಾವಿರಾರು ಡಾಲರ್.

ಪಾಲಿಸಿಯಲ್ಲಿ "ಅಮೆರಿಕ, ಕೆನಡಾ ಬಿಟ್ಟು" ಎಂದು ಇದೆಯಾ ನೋಡಿ. ಅಂಥದ್ದರ ರೇಟು ಕಡಿಮೆ. ಯುರೋಪಿಗೆಂದು ಅದನ್ನು ಮಾಡಿಸಿ, ಆಮೇಲೆ "ಹಾಗೇ ಮಗನ ಮನೆಗೂ ಹೋಗಿ ಬರುವಾ" ಎಂದು ನ್ಯೂಜೆರ್ಸಿಗೆ ಹೋದವರಿದ್ದಾರೆ. ಅಲ್ಲಿ ಆ ಪಾಲಿಸಿ ನಡೆಯುವುದಿಲ್ಲ.

ಅಪ್ಪನಿಗೆ ಬಿಪಿ, ಅಮ್ಮನಿಗೆ ಶುಗರ್. ಬರೆದರೆ ಪ್ರೀಮಿಯಂ ಏರುತ್ತದೆ ಅಲ್ವಾ? ಸುಮ್ನೆ "ಇಲ್ಲ" ಅಂತ ಹಾಕಬಹುದಾ?

ದಯವಿಟ್ಟು ಹಾಕಬೇಡಿ. ಇದಕ್ಕೆ ನಮ್ಮ ಮನೆಯದ್ದೇ ಕಥೆ ಹೇಳುತ್ತೇನೆ.

ಕುಂದಾಪುರದ ನಮ್ಮ ದೊಡ್ಡಮ್ಮ 67ನೇ ವಯಸ್ಸಿನಲ್ಲಿ ಗುಂಪಿನ ಜೊತೆ ಯುರೋಪ್ ಟೂರ್ ಹೊರಟರು. ಟೂರ್ ಬುಕ್ ಮಾಡಿದ್ದು ಬೇರೆ ಕಡೆ. ಇನ್ಶೂರೆನ್ಸ್ ಪ್ಯಾಕೇಜಿನಲ್ಲೇ ಸೇರಿತ್ತು, ಫಾರ್ಮ್ ತುಂಬಿದ್ದು ಅಲ್ಲಿಯ ಹುಡುಗ. "ಕಾಯಿಲೆ ಏನಾದರೂ ಇದೆಯಾ" ಎಂಬ ಜಾಗದಲ್ಲಿ ಎಲ್ಲದಕ್ಕೂ "ಇಲ್ಲ". ದೊಡ್ಡಮ್ಮನನ್ನು ಒಂದು ಮಾತು ಕೇಳಿಯೂ ಇರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಒಂದು ರಾತ್ರಿ ಉಸಿರು ಕಟ್ಟಿದ ಹಾಗಾಗಿ ಎರಡು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಡಾಕ್ಟರ್ ಕೇಳಿದಾಗ ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು: 11 ವರ್ಷದಿಂದ ಬಿಪಿ ಮಾತ್ರೆ. ಡಿಸ್ಚಾರ್ಜ್ ಕಾಗದದ ಎರಡನೇ ಸಾಲಿನಲ್ಲೇ ಅದು ಬಂತು. ಕ್ಲೇಮ್ ಕಳಿಸಿದ ಮೇಲೆ ಕಂಪನಿಯವರು ಆ ಸಾಲಿನ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ನಮ್ಮ ಫಾರ್ಮಿನ "ಇಲ್ಲ" ಇಟ್ಟು, ಕ್ಲೇಮ್ ತಿರಸ್ಕರಿಸಿದರು. ಅಣ್ಣ ಕ್ರೆಡಿಟ್ ಕಾರ್ಡಿನ ಕಂತು ಒಂದೂವರೆ ವರ್ಷ ಕಟ್ಟಿದ. ದೊಡ್ಡಮ್ಮ ಇವತ್ತಿಗೂ "ನಾನು ಡಾಕ್ಟ್ರ ಹತ್ತಿರ ಹೇಳಬಾರದಿತ್ತಾ ಮಗಾ?" ಎಂದು ಕೇಳುತ್ತಾರೆ. ಅವರದ್ದೇನೂ ತಪ್ಪಿಲ್ಲ. ತಪ್ಪಿದ್ದು ಫಾರ್ಮಿನಲ್ಲಿ.

ಅವತ್ತಿನಿಂದ ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ. ಫಾರ್ಮನ್ನು ಹೋಗುವವರೇ ಓದಬೇಕು, ಕಣ್ಣು ಕಾಣದಿದ್ದರೆ ನಾವು ಓದಿ ಹೇಳುತ್ತೇವೆ, ತಿನ್ನುವ ಮಾತ್ರೆಗಳ ಹೆಸರು ಒಂದೊಂದಾಗಿ ಕೇಳುತ್ತೇವೆ. ಥೈರಾಯ್ಡ್ ಮಾತ್ರೆಯನ್ನು ಜನ ಕಾಯಿಲೆ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹತ್ತು ವರ್ಷದ ಹಿಂದೆ ಹಾಕಿದ ಸ್ಟೆಂಟ್ ಮರೆತೇ ಹೋಗಿರುತ್ತದೆ. ಎಲ್ಲವನ್ನೂ ಬರೆಯಿರಿ.

ಬರೆದ ಮಾತ್ರಕ್ಕೆ ಎಲ್ಲ ಸಿಗುತ್ತದೆ ಎಂದಲ್ಲ. ಮೊದಲೇ ಇದ್ದ ಕಾಯಿಲೆಯಿಂದ ತೊಂದರೆ ಬಂದರೆ ಅನೇಕ ಪಾಲಿಸಿಗಳು ಜೀವಕ್ಕೆ ಅಪಾಯ ಇರುವ ತುರ್ತು ಚಿಕಿತ್ಸೆಗೆ ಮಾತ್ರ, ಅದೂ ಒಂದು ಮಿತಿಯೊಳಗೆ ಕೊಡುತ್ತವೆ. ಕೆಲವು ಪೂರ್ತಿ ಹೊರಗಿಡುತ್ತವೆ. ಸ್ವಲ್ಪ ಜಾಸ್ತಿ ಪ್ರೀಮಿಯಂಗೆ ಇದನ್ನು ಸೇರಿಸಿ ಕೊಡುವ ಪಾಲಿಸಿಗಳೂ ಉಂಟು. ಹಿರಿಯರಿಗೆ ಅದನ್ನೇ ಮಾಡಿಸಿ, ಆ ಎರಡು ಮೂರು ಸಾವಿರಕ್ಕೆ ಹಿಂದೆ ಮುಂದೆ ನೋಡಬೇಡಿ.

60 ದಾಟಿದವರು ಇನ್ನೊಂದನ್ನು ನೋಡಲೇಬೇಕು. ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಲಕ್ಷ ಡಾಲರ್ ಎಂದಿರುತ್ತದೆ. ಒಳಗೆ ರೂಮಿಗೆ ದಿನಕ್ಕೆ ಇಷ್ಟು, ಐಸಿಯುಗೆ ಇಷ್ಟು, ಆಪರೇಷನ್‌ಗೆ ಇಷ್ಟು ಎಂದು ಒಳಮಿತಿ ಹಾಕಿರುತ್ತಾರೆ. ಅದಕ್ಕೆ ಸಬ್ ಲಿಮಿಟ್ ಎನ್ನುತ್ತಾರೆ. ಅದು ಇಲ್ಲದ ಪಾಲಿಸಿಯೂ ಸಿಗುತ್ತದೆ, ಕೇಳಬೇಕು ಅಷ್ಟೆ.

ಡಿಡಕ್ಟಿಬಲ್ ಅಂದ್ರೆ ಎಂತ?

ಮೊದಲು ನಿಮ್ಮ ಕೈಯಿಂದ ಹೋಗುವ ಪಾಲು. 100 ಡಾಲರ್ ಎಂದಿದ್ದರೆ, 80 ಡಾಲರಿನ ಬಿಲ್ಲಿಗೆ ಏನೂ ಸಿಗದು. 500ರ ಬಿಲ್ಲಿಗೆ 400 ಸಿಗುತ್ತದೆ.

ಕ್ರೆಡಿಟ್ ಕಾರ್ಡಿನಲ್ಲಿ ಫ್ರೀ ಇನ್ಶೂರೆನ್ಸ್ ಇದೆಯಂತೆ. ಟಿಕೆಟ್ ಬುಕ್ ಮಾಡುವಾಗಲೂ ಒಂದು ಟಿಕ್ ಬರುತ್ತದೆ. ಅದು ಸಾಲದಾ?

ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯ ಹೀಗೆ ಐದು ಬ್ಯಾಂಕ್ ಹುಟ್ಟಿದ ಊರು ನಮ್ಮದು. ಮನೆಗೊಬ್ಬರು ಬ್ಯಾಂಕಿನವರು ಸಿಗುತ್ತಾರೆ, ಹಾಗಾಗಿ ಈ ಪ್ರಶ್ನೆಯೂ ಜಾಸ್ತಿ. ಕಾರ್ಡಿನ ಜೊತೆ ಬರುವುದು ಹೆಚ್ಚಾಗಿ ವಿಮಾನ ಅಪಘಾತದ ಕವರ್, ಬ್ಯಾಗ್ ಕಳೆದರೆ ಒಂದಷ್ಟು ಹಣ. ಆಸ್ಪತ್ರೆ ಖರ್ಚು ಇದೆಯಾ ಎಂದು ಬರಹದಲ್ಲಿ ಕೇಳಿ. ಟಿಕೆಟಿನ ಜೊತೆ ಬರುವ ಟಿಕ್ ಕೂಡ ಹಾಗೆ. ಮೊತ್ತ ಎಷ್ಟು, ದಿನ ಎಷ್ಟು ಎಂದು ತೆರೆದು ನೋಡದೆ ಒತ್ತಬೇಡಿ.

ವರ್ಷಕ್ಕೆ ಎರಡು ಮೂರು ಸಲ ದುಬೈಗೆ ಹೋಗುತ್ತೇವೆ. ಪ್ರತಿ ಸಲ ಮಾಡಿಸಬೇಕಾ?

ವರ್ಷಕ್ಕೊಂದೇ ಮಾಡಿಸುವ ಮಲ್ಟಿ ಟ್ರಿಪ್ ಪಾಲಿಸಿ ಇದೆ. ಒಂದು ಸಲ ಹೋದರೆ 30, 45 ಅಥವಾ 60 ದಿನ ಎಂದು ಮಿತಿ ಇರುತ್ತದೆ. ಮೊಮ್ಮಕ್ಕಳನ್ನು ನೋಡಲು ಆರು ತಿಂಗಳಿಗೆಂದು ಹೋಗುವವರಿಗೆ ಅದು ಆಗುವುದಿಲ್ಲ. ಅವರಿಗೆ ಒಂದೇ ಟ್ರಿಪ್ಪಿನದ್ದೇ ಸರಿ.

ಮಂಗಳೂರಿನಿಂದ ಹೊರಡುವವರು ವಿಶೇಷವಾಗಿ ಏನು ನೋಡಬೇಕು?

ನಮ್ಮ ಕೆಂಜಾರು ಏರ್‌ಪೋರ್ಟಿನಿಂದ ಗಲ್ಫ್ ಊರುಗಳಿಗೆ ನೇರ ವಿಮಾನ ಉಂಟು. ಉಳಿದ ಹೆಚ್ಚಿನ ಕಡೆಗೆ ಬೆಂಗಳೂರು ಅಥವಾ ಮುಂಬೈಗೆ ಹೋಗಿ ಬದಲಾಯಿಸಬೇಕು. ತೊಂದರೆ ಬರುವುದು ಇಲ್ಲಿಯೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆ ಹೇಗೆ ಎಂದು ನಿಮಗೆ ಹೇಳಬೇಕಾಗಿಲ್ಲ. ರನ್‌ವೇ ಗುಡ್ಡದ ಮೇಲೆ ಇದೆ. ಮೋಡ ಇಳಿದು ಏನೂ ಕಾಣದಿದ್ದರೆ ಬರಬೇಕಾದ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ತಿರುಗುತ್ತದೆ. ಆ ವಿಮಾನ ಬಂದರೆ ತಾನೇ ನೀವು ಅದರಲ್ಲಿ ಹೋಗುವುದು? ಇಲ್ಲಿ ಮೂರು ಗಂಟೆ ತಡವಾದರೆ ಅಲ್ಲಿ ಸಿಂಗಾಪುರದ ವಿಮಾನ ಹಾರಿಹೋಗಿರುತ್ತದೆ.

ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ ಇದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಏರ್‌ಲೈನಿನವರದ್ದು. ಎರಡು ಸಾವಿರ ಉಳಿಯುತ್ತದೆ ಎಂದು ಬೇರೆ ಬೇರೆ ಟಿಕೆಟ್ ಮಾಡಿದರೆ ಎರಡನೇ ಟಿಕೆಟ್ ಹೋದ ಹಾಗೆಯೇ. ಇನ್ಶೂರೆನ್ಸಿನ ಮಿಸ್ಡ್ ಕನೆಕ್ಷನ್ ಕವರ್ ಇದಕ್ಕೆ ಬರುತ್ತದಾ? ಹೆಚ್ಚಿನ ಪಾಲಿಸಿಗಳಲ್ಲಿ ಇಷ್ಟು ಗಂಟೆ ತಡವಾಗಿರಬೇಕು, ನಡುವೆ ಇಷ್ಟು ಗಂಟೆ ಅಂತರ ಇಟ್ಟಿರಬೇಕು ಎಂಬ ಷರತ್ತು ಇದೆ. ಭಾರತದೊಳಗಿನ ವಿಮಾನವನ್ನು ಲೆಕ್ಕಕ್ಕೇ ಹಿಡಿಯದ ಪಾಲಿಸಿಗಳೂ ಇವೆ. ನಿಮ್ಮದರಲ್ಲಿ ಏನಿದೆ ಎಂದು ಮೊದಲೇ ಓದಿ.

ಬಸ್ಸಿನಲ್ಲಿ ಹೋಗುವವರ ಮಾತೂ ಅಷ್ಟೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಜಾರಿ ಬಸ್ಸು ರಾತ್ರಿಯಿಡೀ ನಿಂತರೆ ಆ ನಷ್ಟ ಸಾಮಾನ್ಯವಾಗಿ ಪಾಲಿಸಿಯೊಳಗೆ ಬರುವುದಿಲ್ಲ. ಮಳೆಗಾಲದಲ್ಲಿ ನಾನು ಎಲ್ಲರಿಗೂ ಒಂದೇ ಹೇಳುವುದು: ಒಂದು ದಿನ ಮೊದಲೇ ಬೆಂಗಳೂರಿಗೆ ಹೋಗಿ. ಪಂಚಗಂಗಾ ರೈಲಿಗೆ ಉಡುಪಿಯಲ್ಲಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಆ ದಿನ ನೆಂಟರ ಮನೆಯಲ್ಲಿ ಉಳಿದು ಮಾರನೇ ದಿನ ಹೊರಡಿ.

ಬ್ಯಾಗ್ ಬರದಿದ್ದರೆ?

ಬೆಲ್ಟ್ ಬಿಟ್ಟು ಕದಲಬೇಡಿ. ಇದು ನಾನೇ ಮಾಡಿದ ತಪ್ಪು. ಮೊದಲ ಸಲ ಕೌಲಾಲಂಪುರಕ್ಕೆ ಹೋದಾಗ ಬೆಲ್ಟಿನಲ್ಲಿ ಕೊನೆಗೆ ಉಳಿದದ್ದು ಒಂದು ಮಗುವಿನ ಗಾಡಿ, ಹಗ್ಗ ಕಟ್ಟಿದ ಒಂದು ರಟ್ಟಿನ ಪೆಟ್ಟಿಗೆ. ನನ್ನ ನೀಲಿ ಬ್ಯಾಗ್ ಇಲ್ಲ. ರಾತ್ರಿ ಎರಡು ಗಂಟೆ, ಹೆಂಡತಿಗೂ ಮಗನಿಗೂ ನಿದ್ದೆ. "ಬೆಳಿಗ್ಗೆ ಫೋನ್ ಮಾಡಿದರಾಯಿತು" ಎಂದು ಹೋಟೆಲಿಗೆ ಹೋದೆವು. ಬ್ಯಾಗ್ ಎರಡು ದಿನ ಬಿಟ್ಟು ಬಂತು. ಆ ಎರಡು ದಿನ ಕೊಂಡ ಬಟ್ಟೆಯ ಬಿಲ್ ಎಲ್ಲ ಇತ್ತು. ಪಿಐಆರ್ ಇರಲಿಲ್ಲ. ಒಂದು ರೂಪಾಯಿಯೂ ಸಿಗಲಿಲ್ಲ.

ಪಿಐಆರ್ ಎಂದರೆ ಬ್ಯಾಗ್ ಬಂದಿಲ್ಲ ಎಂದು ಏರ್‌ಲೈನಿನವರು ಅಲ್ಲೇ ಕೌಂಟರಿನಲ್ಲಿ ಬರೆದು ಕೊಡುವ ಕಾಗದ. ಅದನ್ನು ತೆಗೆದುಕೊಂಡೇ ಹೊರಗೆ ಬನ್ನಿ. ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿದ ಬ್ಯಾಗ್ ಚೀಟಿಯನ್ನು ಊರಿಗೆ ಬರುವವರೆಗೆ ಬಿಸಾಡಬೇಡಿ. ಬ್ಯಾಗ್ ತಡವಾದರೆ ಎಂಬ ಕವರ್ ಅನೇಕ ಪಾಲಿಸಿಗಳಲ್ಲಿ 12 ಗಂಟೆ ಕಳೆದ ಮೇಲೆಯೇ ಶುರು. ಆಗಲೂ ಬ್ರಶ್, ಒಳಬಟ್ಟೆಯಂಥ ಅಗತ್ಯದ ವಸ್ತುಗಳಿಗೆ ಬಿಲ್ ಇದ್ದರೆ ಮಾತ್ರ. ಚಿನ್ನ, ನಗದು ಬ್ಯಾಗಿನಲ್ಲಿ ಹಾಕಿ ಕಳೆದರೆ ಯಾರೂ ಕೊಡುವುದಿಲ್ಲ. ಕರಿಮಣಿ ಸರ ಕುತ್ತಿಗೆಯಲ್ಲೇ ಇರಲಿ.

ಫುಕೆಟ್‌ನಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡರೆ ತೊಂದರೆ ಇದೆಯಾ?

ಇದೆ. ಸರಿಯಾದ ಲೈಸೆನ್ಸ್ ಇಲ್ಲದೆ ಬಿದ್ದರೆ ಕ್ಲೇಮ್ ಹೋಯಿತು. ಕುಡಿದು ಬಿದ್ದರೂ ಹೋಯಿತು. ಇಲ್ಲಿಯ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೊಡುತ್ತಾರೆ, ಒಂದು ವರ್ಷ ನಡೆಯುತ್ತದೆ. ನಿಮ್ಮ ಮೂಲ ಲೈಸೆನ್ಸಿನಲ್ಲಿ ದ್ವಿಚಕ್ರ ಇರಬೇಕು. ಬರೀ ಕಾರಿನದ್ದಿದ್ದರೆ ಸ್ಕೂಟರ್ ಮುಟ್ಟಬೇಡಿ. ಸ್ಕೂಬಾ, ಪ್ಯಾರಾಗ್ಲೈಡಿಂಗ್, ಸ್ಕೀಯಿಂಗ್ ಮಾಡುವ ಆಸೆ ಇದ್ದರೆ ಸಾಹಸ ಕ್ರೀಡೆಯ ಕವರ್ ಬೇರೆಯಾಗಿ ಸೇರಿಸಿ.

ಪಾಸ್‌ಪೋರ್ಟ್ ವಿಷಯದಲ್ಲಿ ಯಾವ ತಪ್ಪು ಜಾಸ್ತಿ?

ಅವಧಿ. ಹೋಗುವಾಗ ಆರು ತಿಂಗಳು ಬಾಕಿ ಇರಬೇಕು ಎಂದು ಅನೇಕ ದೇಶಗಳು ಕೇಳುತ್ತವೆ. ಷೆಂಗೆನ್‌ಗೆ ಅಲ್ಲಿಂದ ಹೊರಟ ಮೇಲೆ ಮೂರು ತಿಂಗಳು ಸಾಕು, ಆದರೆ ಪಾಸ್‌ಪೋರ್ಟ್ ಹತ್ತು ವರ್ಷದೊಳಗಿನದ್ದಾಗಿರಬೇಕು. ಕಡಿಮೆ ಇದ್ದರೆ ಟಿಕೆಟ್ ಮಾಡುವ ಮೊದಲೇ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ಹೊಸದು ಮಾಡಿಸಿ.

ಹೆಸರೂ ನೋಡಿ. ನಮ್ಮ ಹಿರಿಯರಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. ಯುಎಇ 2022ರ ನವೆಂಬರಿನಿಂದ ಒಂಟಿ ಹೆಸರಿನವರ ವಿಸಿಟ್ ವೀಸಾಕ್ಕೆ ತಕರಾರು ತೆಗೆಯುತ್ತದೆ. ಮಗಳು ದುಬೈಯಲ್ಲಿ, ಅಮ್ಮನ ಪಾಸ್‌ಪೋರ್ಟಿನಲ್ಲಿ ಬರೀ "ಗಿರಿಜಾ" ಎಂದಿದ್ದರೆ ಟಿಕೆಟಿಗೆ ಮೊದಲು ಬಂದು ಕೇಳಿ. ಪಾಲಿಸಿಯಲ್ಲೂ ಪಾಸ್‌ಪೋರ್ಟಿನ ಹೆಸರೇ ಅಕ್ಷರಶಃ ಇರಬೇಕು.

ಅಲ್ಲಿ ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಭಾರತದ ರಾಯಭಾರ ಕಚೇರಿ. ಊರಿಗೆ ವಾಪಸ್ ಬರಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಅದರ ಶುಲ್ಕವನ್ನು ಪಾಲಿಸಿಯಿಂದ ಕೇಳಬಹುದು, ದೂರಿನ ಪ್ರತಿ ಇದ್ದರೆ.

ಮಾತ್ರೆ, ತಿಂಡಿ ಏನೇನು ಒಯ್ಯಬಹುದು?

ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಕಿತ್ತು ಡಬ್ಬಿಗೆ ಹಾಕುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಊರೊಳಗೆ ಆಗಬಹುದು, ಅಲ್ಲಿ ಬೇಡ. ಹೆಸರು ಕಾಣುವ ಸ್ಟ್ರಿಪ್‌ನಲ್ಲೇ ಇರಲಿ, ಡಾಕ್ಟರ ಚೀಟಿ ಜೊತೆಗಿರಲಿ. ಕಂಪನಿ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆಸಿ, ಯಾಕೆಂದರೆ ಇಲ್ಲಿಯ ಬ್ರ್ಯಾಂಡ್ ಅಲ್ಲಿಯ ಡಾಕ್ಟರಿಗೆ ಗೊತ್ತಿರುವುದಿಲ್ಲ. ಒಂದು ವಾರದ ಮಾತ್ರೆ ಕೈಚೀಲದಲ್ಲಿ ಇಟ್ಟುಕೊಳ್ಳಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ ಇವನ್ನು ಯುಎಇಗೆ ಒಯ್ಯಬೇಕಾದರೆ ಅಲ್ಲಿಯ ಸರಕಾರದ ಒಪ್ಪಿಗೆ ಮೊದಲೇ ಬೇಕು.

ಇನ್ನು ಅಡುಗೆಮನೆ. ಮಗಳಿಗೆಂದು ಮಸಾಲೆ ಕಟ್ಟುವಾಗ ಗಸಗಸೆ ಹಾಕಲೇಬೇಡಿ. ಯುಎಇ, ಸೌದಿ, ಸಿಂಗಾಪುರದಲ್ಲಿ ಅದು ನಿಷಿದ್ಧ. ಅಫೀಮಿನ ಗಿಡದ ಬೀಜ ಎಂಬ ಕಾರಣಕ್ಕೆ ಸಣ್ಣ ಪೊಟ್ಟಣವನ್ನೂ ಗಂಭೀರವಾಗಿ ನೋಡುತ್ತಾರೆ. ಒಣ ಕೊಬ್ಬರಿಯೂ ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹಿಡಿಯಬಹುದು ಎಂದು 2022ರಲ್ಲಿ ಚೆಕ್-ಇನ್ ಬ್ಯಾಗಿಗೂ ನಿಷೇಧ ಹಾಕಿದರು. ಉಪ್ಪಿನಕಾಯಿ ಕೈಚೀಲದಲ್ಲಿ ದ್ರವದ ಲೆಕ್ಕಕ್ಕೆ ಬರುತ್ತದೆ, ಚೆಕ್-ಇನ್‌ನಲ್ಲೇ ಹಾಕಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋಗುವವರು ಹಪ್ಪಳ, ಸೆಂಡಿಗೆ ಏನೇ ಇರಲಿ, ಇಳಿಯುವಾಗ ಕೊಡುವ ಫಾರ್ಮಿನಲ್ಲಿ ಆಹಾರ ಇದೆ ಎಂದು ಬರೆಯಿರಿ. ಬರೆದರೆ ಹೆಚ್ಚೆಂದರೆ ತೆಗೆದಿಡುತ್ತಾರೆ. ಬರೆಯದೆ ಸಿಕ್ಕಿಬಿದ್ದರೆ ದೊಡ್ಡ ದಂಡ.

ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ.

ಕೈಯಲ್ಲಿ ಎಷ್ಟು ಹಣ ಒಯ್ಯಬಹುದು?

ಹೆಚ್ಚಿನ ದೇಶಗಳಿಗೆ ಒಂದು ಪ್ರವಾಸಕ್ಕೆ 3,000 ಡಾಲರಿನಷ್ಟು ವಿದೇಶಿ ನೋಟು, ನಮ್ಮ ರೂಪಾಯಿ 25,000ದವರೆಗೆ. ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ, ಅಂದರೆ ವಿದೇಶಿ ಹಣ ಮೊದಲೇ ತುಂಬಿಸಿಕೊಳ್ಳುವ ಕಾರ್ಡಿನಲ್ಲಿ ಹಾಕಿಸಿ.

ಅಲ್ಲಿ ಹುಷಾರು ತಪ್ಪಿದರೆ ಮೊದಲು ಯಾರಿಗೆ ಫೋನ್ ಮಾಡಬೇಕು?

ಜೀವದ ಪ್ರಶ್ನೆಯಾದರೆ ಮೊದಲು ಆಂಬುಲೆನ್ಸ್. ಯುರೋಪಿನಲ್ಲಿ 112, ಅಮೆರಿಕದಲ್ಲಿ 911, ಯುಎಇಯಲ್ಲಿ 998, ಸಿಂಗಾಪುರದಲ್ಲಿ 995. ಆಸ್ಪತ್ರೆ ಸೇರಿದ ಕೂಡಲೇ ಪಾಲಿಸಿಯಲ್ಲಿರುವ ಸಹಾಯವಾಣಿಗೆ ಹೇಳಿ. ಇಷ್ಟು ಗಂಟೆಯೊಳಗೆ ತಿಳಿಸಬೇಕು ಎಂಬ ನಿಯಮ ಹೆಚ್ಚಿನ ಪಾಲಿಸಿಗಳಲ್ಲಿ ಇದೆ, 24 ಗಂಟೆ ದಾಟಿಸಬೇಡಿ. ಅವರು ಒಪ್ಪಿದರೆ ಕ್ಯಾಶ್‌ಲೆಸ್ ಆಗಬಹುದು, ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುತ್ತದೆ. ಸಣ್ಣ ಜ್ವರಕ್ಕೆ ಹೊರರೋಗಿಯಾಗಿ ತೋರಿಸಿದರೆ ಸಾಮಾನ್ಯವಾಗಿ ನೀವೇ ಕಟ್ಟಿ ಆಮೇಲೆ ಕೇಳಬೇಕು. ಡಾಕ್ಟರ ವರದಿ, ಬಿಲ್, ಕಟ್ಟಿದ ರಸೀದಿ ಮೂರೂ ಇರಲಿ. ಊರಿಗೆ ಬಂದ ಮೇಲೆ ಆ ಆಸ್ಪತ್ರೆಯಿಂದ ಒಂದು ಕಾಗದ ತರಿಸುವುದು ಎಷ್ಟು ಕಷ್ಟ ಎಂದು ನಾನು ನೋಡಿದ್ದೇನೆ ಮಾರಾಯ್ರೆ.

ಪಾಲಿಸಿ ನಂಬರ್ ಮತ್ತು ಸಹಾಯವಾಣಿಯನ್ನು ಒಂದು ಚೀಟಿಯಲ್ಲಿ ಬರೆದು ಅಮ್ಮನ ಪರ್ಸಿನಲ್ಲಿಡಿ. ಮಗನ ಮೊಬೈಲಿನಲ್ಲಿ ಇದ್ದರೆ ಸಾಲದು, ಮೊಬೈಲ್ ಚಾರ್ಜ್ ಮುಗಿದಿರುತ್ತದೆ.

ಯಾವಾಗ ಮಾಡಿಸುವುದು ಒಳ್ಳೆಯದು?

ಟಿಕೆಟ್ ಮಾಡಿದ ವಾರದಲ್ಲೇ. ಹೊರಡುವ ಮೊದಲು ಮನೆಯಲ್ಲಿ ಯಾರಿಗಾದರೂ ಗಂಭೀರವಾಗಿ ಹುಷಾರು ತಪ್ಪಿ ಪ್ರವಾಸ ನಿಂತರೆ, ಕ್ಯಾನ್ಸಲೇಷನ್ ಕವರ್ ಉಪಯೋಗಕ್ಕೆ ಬರುವುದು ಪಾಲಿಸಿ ಮೊದಲೇ ಇದ್ದರೆ ಮಾತ್ರ. ಮನಸ್ಸು ಬದಲಾಯಿತು ಎಂದರೆ ಹಣ ಬರುವುದಿಲ್ಲ. ವಿಮಾನ ಹತ್ತಿದ ಮೇಲೆ ನೆನಪಾದರೆ ತಡವಾಯಿತು, ಭಾರತ ಬಿಡುವ ಮೊದಲೇ ಮಾಡಿಸಬೇಕು.

ಕ್ಲೇಮ್ ತಿರಸ್ಕರಿಸಿದರೆ ಅಲ್ಲಿಗೆ ಮುಗಿಯಿತಾ?

ಇಲ್ಲ. ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದ್ದೀರಿ ಎಂದು ಬರಹದಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲಿ ಆಗದಿದ್ದರೆ ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ಸರಕಾರಿ ಸಂಸ್ಥೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲಿನಲ್ಲಿ ದೂರು ಹಾಕಬಹುದು, 155255ಕ್ಕೆ ಫೋನ್ ಮಾಡಬಹುದು. ಒಂದು ತಿಂಗಳಾದರೂ ಉತ್ತರ ಇಲ್ಲ, ಅಥವಾ ಉತ್ತರ ಒಪ್ಪಿಗೆಯಾಗಲಿಲ್ಲ ಎಂದಾದರೆ ಬೆಂಗಳೂರಿನಲ್ಲಿ ಇನ್ಶೂರೆನ್ಸ್ ಓಂಬುಡ್ಸ್‌ಮನ್, ಅಂದರೆ ಇಂಥ ತಕರಾರು ಕೇಳಿ ತೀರ್ಮಾನ ಕೊಡುವ ಅಧಿಕಾರಿ ಇದ್ದಾರೆ. ಒಂದು ವರ್ಷದೊಳಗೆ ಹೋಗಬೇಕು. ಶುಲ್ಕ ಇಲ್ಲ, ವಕೀಲರೂ ಬೇಡ, ನೀವೇ ನಿಮ್ಮ ಮಾತು ಹೇಳಬಹುದು. ಅಲ್ಲಿಗೆ ಹೋಗುವಾಗ ಒಂದು ಫೈಲ್ ಕೈಯಲ್ಲಿರಲಿ: ನೀವು ತುಂಬಿದ ಫಾರ್ಮಿನ ಪ್ರತಿ, ಪಾಲಿಸಿ, ಬಿಲ್, ರಸೀದಿ, ಅವರು ಬರೆದ ಪತ್ರ. ನಮ್ಮಲ್ಲಿ ಮಾಡಿಸಿದವರ ಫಾರ್ಮಿನ ಒಂದು ಪ್ರತಿ ನಮ್ಮ ಕಪಾಟಿನಲ್ಲೂ ಇರುತ್ತದೆ, ಬೇಕಾದಾಗ ಬಂದು ಕೇಳಿ.